ಮಾವನಿಗೂ ಅಣ್ಣನಿಗೂ ಸ್ಕಿಜೋಫ್ರೇನಿಯಾ ಇದೆ. ನನಗೆ ಬರಬಹುದಾ? ಹೆಣ್ಣುಮಕ್ಕಳಿಗೆ ಬರುವುದಿಲ್ಲ ಅಂತಾರಲ್ಲ, ಹೌದಾ?

ಪೆರ್ಲದವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ನಮ್ಮದು ಕಾಸರಗೋಡು ಜಿಲ್ಲೆ, ಪೆರ್ಲದ ಹತ್ತಿರ. ನನಗೆ 27 ವರ್ಷ. ಅಮ್ಮನ ತಮ್ಮ, ಅಂದರೆ ನನ್ನ ಮಾವ, 22ನೇ ವಯಸ್ಸಿನಲ್ಲಿ ಮುಂಬೈಯ ಹೋಟೆಲಿನಲ್ಲಿ ಕೆಲಸಕ್ಕಿದ್ದಾಗ ಕಾಯಿಲೆ ಬಿದ್ದವರು. ಊರಿಗೆ ಕರೆದುಕೊಂಡು ಬಂದ ಮೇಲೆ ವರ್ಷಗಟ್ಟಲೆ ಜಗಲಿಯ ಮೂಲೆಯಲ್ಲಿ ಕೂತು ಒಬ್ಬರೇ ಮಾತಾಡುತ್ತಿದ್ದರು. ಸರಿಯಾದ ಮದ್ದು ಶುರುವಾದದ್ದು 12 ವರ್ಷ ಕಳೆದ ಮೇಲೆ. ಆಮೇಲೆ ನನ್ನ ಅಣ್ಣ. ಡಿಗ್ರಿ ಎರಡನೇ ವರ್ಷದಲ್ಲಿದ್ದ, 19 ವಯಸ್ಸು. ಕ್ಲಾಸಿನವರೆಲ್ಲ ತನ್ನ ಬಗ್ಗೆಯೇ ಪಿಸುಗುಟ್ಟುತ್ತಾರೆ, ಮೊಬೈಲಿನಲ್ಲಿ ತನ್ನ ಯೋಚನೆ ಕದಿಯುತ್ತಾರೆ ಅಂತ ಹೇಳತೊಡಗಿದ. ಅವನನ್ನು ನಾವು ಬೇಗ ಮಂಗಳೂರಿಗೆ ಕರೆದುಕೊಂಡು ಹೋದೆವು. ಈಗ 31. ಮದ್ದು ತಪ್ಪಿಸುವುದಿಲ್ಲ, ಅಡಿಕೆ ತೋಟ ಅವನೇ ನೋಡಿಕೊಳ್ಳುತ್ತಾನೆ. ನನಗೆ ಅವನೆಂದರೆ ಜೀವ.

ನಮ್ಮದು ಅಳಿಯಸಂತಾನದ ಮನೆ. ಬಳಿ (ಗೋತ್ರದ ಹಾಗೆ), ಕುಟುಂಬ ಎಲ್ಲ ತಾಯಿಯ ಕಡೆಯಿಂದ. ಹಾಗಾಗಿ ದೊಡ್ಡಮ್ಮ ಹೇಳುವುದು, ಇದು ಕುಟುಂಬದಲ್ಲಿ ಹರಿದುಬಂದದ್ದು, ಮಾವನಿಂದ ಅಳಿಯನಿಗೆ, ಹೆಣ್ಣು ಬರೀ ದಾಟಿಸುವುದು, ಗಂಡಿನ ಮೇಲೆ ಕೂರುವುದು ಅಂತ. ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದರು, ನಾಗನ ದೋಷ ಅಂತ ಕಂಡಿತು, ಅದರ ಕೆಲಸವೂ ಆಯಿತು. ನಾನು ಅದನ್ನು ಬೇಡ ಅನ್ನಲಿಲ್ಲ. ಆದರೆ ರಾತ್ರಿ ಮಲಗಿದರೆ ನನಗೆ ಬರುವ ಯೋಚನೆಗಳೇ ಬೇರೆ. ನನಗೆ 25 ದಾಟಿತಲ್ಲ, ಇನ್ನು ಬರುವುದಿಲ್ಲವಾ? ಹೆಣ್ಣಿಗೆ ಬರುವುದೇ ಕಡಿಮೆಯಾ? ನಾನು ದಾಟಿಸುವವಳು ಮಾತ್ರ ಆದರೆ ನನಗೆ ಹುಟ್ಟುವ ಗಂಡುಮಗುವಿನ ಗತಿ ಏನು? ರಕ್ತ ಪರೀಕ್ಷೆ ಮಾಡಿ ಹೇಳಲು ಆಗುತ್ತದಾ? ಪುತ್ತೂರಿನ ಕಡೆಯಿಂದ ಒಂದು ಸಂಬಂಧ ಬಂದಿದೆ. ಅವರಿಗೆ ಅಣ್ಣನ ವಿಷಯ ಹೇಳಬೇಡ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಸುಮ್ನೆ ಧೈರ್ಯ ಹೇಳಬೇಡಿ, ಗೊತ್ತಿದ್ದವರು ಇದ್ದದ್ದನ್ನು ಇದ್ದ ಹಾಗೆ ಹೇಳಿ.

---

ಬದಿಯಡ್ಕ ಡಾಕ್ಟ್ರು ಬರೆದದ್ದು:

ತಂಗೀ, ನಾನು ಮಂಗಳೂರಿನಲ್ಲಿ ಮನೋರೋಗ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಊರು ನಿಮ್ಮ ಪಕ್ಕವೇ. ನಿಮ್ಮನ್ನು ನೋಡದೆ ನಿಮಗೇ ಅಂತ ಏನೂ ಹೇಳಲು ಆಗುವುದಿಲ್ಲ, ಆದರೆ ಕೇಳಿದ ಪ್ರಶ್ನೆಗಳಿಗೆ ಉತ್ತರ ಇದೆ.

ಮೊದಲು ದೊಡ್ಡಮ್ಮನ ಮಾತು. ಅವರು ಹೇಳಿದ ದಾರಿಯಲ್ಲಿ ಹೋಗುವ ಕಾಯಿಲೆಗಳು ನಿಜವಾಗಿ ಇವೆ. ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ, ಕೆಂಪು ಹಸಿರು ಗುರುತಾಗದ ಬಣ್ಣಗುರುಡು, ಇವು ಹಾಗೆಯೇ ಬರುವುದು. ಕ್ರೋಮೋಸೋಮು ಅಂದರೆ ಜೀನ್‌ಗಳನ್ನು ಹೊತ್ತ ಎಳೆ. ಈ ಕಾಯಿಲೆಗಳ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿರುತ್ತದೆ, ಹೆಂಗಸಿಗೆ ಎಕ್ಸ್ ಎರಡು, ಗಂಡಸಿಗೆ ಒಂದೇ, ಹಾಗಾಗಿ ಹೆಂಗಸಿನಲ್ಲಿ ಸಾಮಾನ್ಯವಾಗಿ ಅಡಗಿರುತ್ತದೆ, ಮಾವನಲ್ಲಿ ಕಂಡದ್ದು ಅಳಿಯನಲ್ಲಿ ಮತ್ತೆ ಕಾಣುತ್ತದೆ. ಹಿರಿಯರು ಕಣ್ಣಾರೆ ನೋಡಿಯೇ ಇಂತಹ ಲೆಕ್ಕ ಹಾಕಿರುತ್ತಾರೆ. ಆದರೆ ಸ್ಕಿಜೋಫ್ರೇನಿಯಾ ಆ ಜಾತಿಯ ಕಾಯಿಲೆ ಅಲ್ಲ. ಇದಕ್ಕೆ ಒಂದು ಜೀನ್ ಇಲ್ಲ. 2014ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಸೇರಿ ಜೀನ್‌ಗಳಲ್ಲಿ 108 ಜಾಗಗಳನ್ನು ಗುರುತಿಸಿದರು. 2022ಕ್ಕೆ ಅದು 287 ಆಯಿತು. ಆ ಎರಡನೆಯ ಅಧ್ಯಯನದಲ್ಲಿ ಕಾಯಿಲೆ ಇದ್ದವರೇ 76,000ಕ್ಕಿಂತ ಜಾಸ್ತಿ ಜನ ಇದ್ದರು. ಒಂದೊಂದು ಜಾಗದ್ದೂ ಚಿಟಿಕೆಯಷ್ಟು ಪ್ರಭಾವ, ಮತ್ತು ಅವು ಕ್ರೋಮೋಸೋಮುಗಳ ಉದ್ದಕ್ಕೂ ಹರಡಿವೆ. ನಿಮ್ಮ ಅಪ್ಪನೂ ಅರ್ಧ ಕೊಟ್ಟಿದ್ದಾರೆ, ಅಮ್ಮನೂ ಅರ್ಧ ಕೊಟ್ಟಿದ್ದಾರೆ. ಆಸ್ತಿ ತಾಯಿಯ ಕಡೆಯಿಂದ ಇಳಿಯಬಹುದು, ಜೀನ್ ಆ ಕಟ್ಟು ನೋಡುವುದಿಲ್ಲ. ಅಣ್ಣನಿಗೆ ಬಂದದ್ದು ಅಮ್ಮನ ಕಡೆಯಿಂದ ಮಾತ್ರ ಅಂತ ಯಾರಿಗೂ ಹೇಳಲು ಬರುವುದಿಲ್ಲ. ದಯವಿಟ್ಟು ನಿಮ್ಮ ಅಮ್ಮನಿಗೆ ಇದನ್ನು ಹೇಳಿ. ನಾನು ನೋಡಿದ ಎಷ್ಟೋ ಅಮ್ಮಂದಿರು ನನ್ನಿಂದ ಆಯಿತು ಅಂತ ಒಳಗೊಳಗೇ ಸವೆದುಹೋಗಿದ್ದಾರೆ.

ಇನ್ನು ಲೆಕ್ಕ. ಯಾರಾದರೂ ನೂರು ಜನರನ್ನು ತೆಗೆದುಕೊಂಡರೆ ಜೀವಮಾನದಲ್ಲಿ ಸುಮಾರು ಒಬ್ಬರಿಗೆ ಈ ಕಾಯಿಲೆ ಬರುತ್ತದೆ. ಮಾವನಿಗೆ ಮಾತ್ರ ಇದ್ದರೆ ಅದು ನೂರಕ್ಕೆ ಮೂರು ನಾಲ್ಕು. ಒಡಹುಟ್ಟಿದವರಿಗೆ ಇದ್ದರೆ ಸುಮಾರು 9. ಇದು ಯುರೋಪಿನ ಹಳೆಯ ಕುಟುಂಬ ಅಧ್ಯಯನಗಳಿಂದ ಬಂದ ಲೆಕ್ಕ, ಈಗಲೂ ನಾವು ಬಳಸುವುದು ಇದನ್ನೇ. ನಿಮಗೆ ಇಬ್ಬರೂ ಇರುವುದರಿಂದ ಸ್ವಲ್ಪ ಮೇಲೆ ಹೋಗುತ್ತದೆ. ಆದರೆ ಈ ಲೆಕ್ಕ ಹುಟ್ಟಿನಿಂದ ಹಿಡಿದು ಇಡೀ ಜೀವಮಾನದ್ದು. ನೀವು 27 ವರ್ಷ ಕಾಯಿಲೆ ಇಲ್ಲದೆ ಕಳೆದಿದ್ದೀರಿ, ಅಷ್ಟು ಪಾಲು ಕಳೆದುಹೋಯಿತು. ಮುಂದೆ ಹುಟ್ಟುವ ನಿಮ್ಮ ಮಗುವಿಗೆ ನಿಮ್ಮ ಅಣ್ಣ ಮಾವನಾಗುತ್ತಾನೆ, ಅಂದರೆ ಮತ್ತೆ ಆ ಮೂರು ನಾಲ್ಕರ ಲೆಕ್ಕವೇ. ಗಂಡಾದರೂ ಹೆಣ್ಣಾದರೂ. ನೂರರಲ್ಲಿ 96 ಮಕ್ಕಳಿಗೆ ಬರುವುದಿಲ್ಲ. ಒಂದು ಮಾತ್ರ ನೆನಪಿಡಿ, ಸೋದರ ಸಂಬಂಧದಲ್ಲಿ ಮದುವೆಯಾದರೆ ಎರಡೂ ಕಡೆಯಿಂದ ಅದೇ ಜೀನ್‌ಗಳು ಸೇರಬಹುದು.

ಜನರಲ್ಲಿ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದ ವ್ಯತ್ಯಾಸದಲ್ಲಿ ವಂಶದ ಪಾಲು ದೊಡ್ಡದು ಅನ್ನುವುದನ್ನು ಮುಚ್ಚಿಡುವುದಿಲ್ಲ. ಡೆನ್ಮಾರ್ಕಿನ ಅವಳಿಗಳ ದಾಖಲೆಯಿಂದ 2018ರಲ್ಲಿ ಲೆಕ್ಕ ಹಾಕಿದಾಗ ಅದು ಶೇ. 79 ಅಂತ ಬಂತು. ಇದನ್ನು ಓದಿ ಹೆದರುವವರು ಬಹಳ. ಅದೇ ಅಧ್ಯಯನದ ಇನ್ನೊಂದು ಅಂಕಿ ನೋಡಿ. ಒಂದೇ ಅಚ್ಚಿನ ಅವಳಿಗಳಲ್ಲಿ ಒಬ್ಬರಿಗೆ ಕಾಯಿಲೆ ಬಂದರೆ ಇನ್ನೊಬ್ಬರಿಗೆ ಬಂದದ್ದು ಸುಮಾರು ಶೇ. 33 ಕಡೆ ಮಾತ್ರ. ಜೀನ್ ಎಲ್ಲವೂ ಒಂದೇ, ಆದರೂ ಮೂರರಲ್ಲಿ ಇಬ್ಬರು ತಪ್ಪಿಸಿಕೊಂಡರು! ಅಮೆರಿಕದಲ್ಲಿ 1930ರಲ್ಲಿ ಹುಟ್ಟಿದ, ಒಂದೇ ಅಚ್ಚಿನ ನಾಲ್ವರು ಸೋದರಿಯರಿದ್ದರು. ನಾಲ್ವರಿಗೂ ಈ ಕಾಯಿಲೆ ಬಂತು, ಆದರೆ ಒಬ್ಬೊಬ್ಬರ ಪಾಡು ಒಂದೊಂದು ರೀತಿ. ಒಬ್ಬಳು ಕೆಲಸಕ್ಕೆ ಹೋಗಿ ಸಂಸಾರವನ್ನೂ ಮಾಡಿದಳು, ಇನ್ನೊಬ್ಬಳ ಸ್ಥಿತಿ ತುಂಬಾ ಕೆಟ್ಟಿತ್ತು.

ರಕ್ತ ಪರೀಕ್ಷೆಗೆ ದುಡ್ಡು ಹಾಕಬೇಡಿ. ಆನ್‌ಲೈನಿನಲ್ಲಿ ಉಗುಳು ಕಳಿಸಿ ಅಂತ ಜಾಹೀರಾತು ಬರುತ್ತದಲ್ಲ, ಅದರಿಂದ ನಿಮಗೆ ಬರುತ್ತದೋ ಇಲ್ಲವೋ ಹೇಳಲು ಆಗುವುದಿಲ್ಲ. ಅವರು ಜೀನ್‌ಗಳನ್ನು ಕೂಡಿಸಿ ಕೊಡುವ ಅಪಾಯದ ಅಂಕಗಳನ್ನು ಕಟ್ಟಿದ್ದು ಹೆಚ್ಚಾಗಿ ಯುರೋಪಿನವರ ಮಾಹಿತಿಯಿಂದ, ನಮ್ಮ ಜನರಿಗೆ ಇನ್ನೂ ಕಡಿಮೆ ಹೊಂದುತ್ತದೆ. ಪರೀಕ್ಷೆಗೆ ಅರ್ಥ ಇರುವ ಒಂದು ಸಂದರ್ಭ ಇದೆ. 22ನೇ ಕ್ರೋಮೋಸೋಮಿನ ಒಂದು ತುಂಡು ಇಲ್ಲದೆ ಹುಟ್ಟುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಈ ತರಹದ ಕಾಯಿಲೆ ಬರುತ್ತದೆ. ಹುಟ್ಟಿನಿಂದ ಹೃದಯದ ದೋಷ, ಸೀಳು ಅಂಗುಳ, ಕ್ಯಾಲ್ಸಿಯಂ ಕಡಿಮೆ ಇರುವುದು, ಇಂಥದ್ದು ಅಣ್ಣನಿಗೆ ಇದ್ದರೆ ಡಾಕ್ಟರ ಹತ್ತಿರ ಹೇಳಿ. ಇಲ್ಲದಿದ್ದರೆ ಬೇಡ.

---

ಕಣ್ವತೀರ್ಥ ಬರೆದದ್ದು:

ನಾನು ಮಂಜೇಶ್ವರದವಳು, 53 ವರ್ಷ. ಹೆಣ್ಣಿಗೆ ಬರುವುದಿಲ್ಲ, 25 ದಾಟಿದರೆ ಬರುವುದಿಲ್ಲ ಅನ್ನುವುದಕ್ಕೆ ನಾನೇ ಉತ್ತರ ಕೊಡಬೇಕು ಅನ್ನಿಸಿತು. ನನಗೆ ಬಂದದ್ದು 47ಕ್ಕೆ.

ಮುಟ್ಟು ನಿಲ್ಲುವ ಸಮಯ. ನಿದ್ದೆ ಹೋಯಿತು. ಆಮೇಲೆ ಪಕ್ಕದ ಮನೆಯವರು ನಮ್ಮ ಬಾವಿಗೆ ಏನೋ ಹಾಕುತ್ತಾರೆ ಅಂತ ಅನ್ನಿಸತೊಡಗಿತು. ಅನ್ನಿಸಿತು ಅಂತ ಈಗ ಬರೆಯುತ್ತಿದ್ದೇನೆ. ಆಗ ಅದು ನನಗೆ ಖಂಡಿತ ಗೊತ್ತಿದ್ದ ವಿಷಯ. ಅವರು ಗೋಡೆಯ ಆಚೆ ತುಳುವಿನಲ್ಲಿ ನನ್ನ ಹೆಸರು ಹಿಡಿದು ಬೈಯುವುದು ಕೇಳುತ್ತಿತ್ತು. ಅಡುಗೆ, ತೊಳೆಯುವುದು, ಬೀಡಿ ಕಟ್ಟುವುದು ಎಲ್ಲ ಮಾಡುತ್ತಲೇ ಇದ್ದೆ, ಅದಕ್ಕೇ ಯಾರಿಗೂ ಕಾಯಿಲೆ ಅಂತ ತೋರಲಿಲ್ಲ. ಮಗಳ ಮದುವೆಯ ತಲೆಬಿಸಿ ಅಂದರು. ಒಂದು ಕಡೆ ತೋರಿಸಿದಾಗ ಈ ಪ್ರಾಯದಲ್ಲಿ ಎಲ್ಲ ಹೆಂಗಸರಿಗೂ ಹೀಗೆ ಆಗುತ್ತದೆ ಅಂತ ನಿದ್ದೆ ಮಾತ್ರೆ ಕೊಟ್ಟು ಕಳಿಸಿದರು. ನಾನು ಮೂರು ತಿಂಗಳು ಬಾವಿಯ ನೀರು ಮುಟ್ಟದೆ ಅಂಗಡಿಯ ಬಾಟ್ಲಿ ನೀರಿನಲ್ಲೇ ಗಂಜಿ ಬೇಯಿಸಿದೆ. ಆಗ ಅಲ್ವಾ ಮನೆಯವರಿಗೆ ಗೊತ್ತಾದದ್ದು.

ಆಮೇಲೆ ಸಿಕ್ಕಿದ ಡಾಕ್ಟ್ರು ಬಹಳ ತಾಳ್ಮೆಯಿಂದ ಹೇಳಿದರು. ಗಂಡಸರಿಗೆ ಇದು ಹೆಚ್ಚಾಗಿ 18ರಿಂದ 25ರ ಒಳಗೆ ಶುರು. ಹೆಂಗಸರಿಗೆ ಮೂರು ನಾಲ್ಕು ವರ್ಷ ತಡ, ಮತ್ತೆ 45ರಿಂದ 50ರ ಸುಮಾರಿಗೆ ಇನ್ನೊಂದು ಸಣ್ಣ ಏರಿಕೆ ಇದೆ, ಗಂಡಸರಲ್ಲಿ ಅದು ಇಲ್ಲ. ಈಸ್ಟ್ರೋಜನ್ ಅನ್ನುವ ಹಾರ್ಮೋನು ಮೆದುಳಿಗೆ ಒಂದು ಕಾವಲಿನ ಹಾಗೆ ಇರುತ್ತದೆ, ಮುಟ್ಟು ನಿಲ್ಲುವಾಗ ಅದು ಇಳಿಯುತ್ತದೆ ಅಂದರು. ನನ್ನ ಕುಟುಂಬದಲ್ಲಿ ಬೇರೆ ಯಾರಿಗೂ ಇಲ್ಲ. ಹೆಚ್ಚಿನ ರೋಗಿಗಳ ಕಥೆ ಹಾಗೆಯೇ ಅಂತೆ, ಹತ್ತಿರದವರಲ್ಲಿ ಯಾರಿಗೂ ಇರುವುದಿಲ್ಲ.

ಪೆರ್ಲದ ತಂಗೀ, ಹೆದರಿಸಲು ಬರೆಯಲಿಲ್ಲ. ಇವತ್ತು ನಾನು ರಾತ್ರಿ ಒಂದು ಮಾತ್ರೆ ತೆಗೆದುಕೊಳ್ಳುತ್ತೇನೆ, ಮೊಮ್ಮಗುವನ್ನು ಅಂಗನವಾಡಿಗೆ ಬಿಡುತ್ತೇನೆ, ಆ ಬಾವಿಯ ನೀರನ್ನೇ ಕುಡಿಯುತ್ತೇನೆ.

---

ಪಯಸ್ವಿನಿ ಬರೆದದ್ದು:

ಮೇಲಿನ ಎರಡಕ್ಕೂ ಸೇರಿಸುತ್ತೇನೆ. ನಾನು ಓದಿದ್ದು ಜೀನ್‌ಗಳ ಬಗ್ಗೆಯೇ, ಈಗ ಬೆಂಗಳೂರಿನಲ್ಲಿ ಲ್ಯಾಬ್ ಕೆಲಸ. ಊರು ಅಡೂರು.

ಹೊಸದಾಗಿ ಕಾಯಿಲೆ ಬೀಳುವವರನ್ನು ಎಣಿಸಿದರೆ ಹತ್ತು ಹೆಂಗಸರಿಗೆ ಸುಮಾರು 14 ಗಂಡಸರು ಸಿಗುತ್ತಾರೆ. ಅಂದರೆ ಗಂಡಸರಲ್ಲಿ ಜಾಸ್ತಿ ಹೌದು, ಆದರೆ ಹೆಂಗಸರಿಗೆ ಬರುವುದಿಲ್ಲ ಅನ್ನುವಷ್ಟಲ್ಲ. ವಿಚಿತ್ರ ಏನೆಂದರೆ ಅಪಾಯದ ಜೀನ್‌ಗಳು ಗಂಡಿಗೆ ಬೇರೆ ಹೆಣ್ಣಿಗೆ ಬೇರೆ ಇಲ್ಲ, ಹೆಚ್ಚುಕಡಿಮೆ ಅವೇ. ಹಾಗಾದರೆ ವ್ಯತ್ಯಾಸ ಎಲ್ಲಿಂದ? ಪೂರ್ತಿ ಉತ್ತರ ಸಿಕ್ಕಿಲ್ಲ, ಆದರೆ ಒಂದು ಎಳೆ ಸಿಕ್ಕಿದೆ, ಅದು ನನಗೆ ತುಂಬಾ ಇಷ್ಟವಾದದ್ದು.

ಆರನೇ ಕ್ರೋಮೋಸೋಮಿನಲ್ಲಿ ಸಿ4 ಅನ್ನುವ ಜೀನ್ ಇದೆ. ನಮ್ಮ ದೇಹದ ರಕ್ಷಣಾ ಪಡೆಯದ್ದು. ರೋಗಾಣುಗಳನ್ನೂ ಸತ್ತ ಕೋಶಗಳ ಚೂರುಗಳನ್ನೂ ತೆಗೆಯಲು ಗುರುತು ಹಾಕುವುದು ಅದರ ಕೆಲಸ. ಒಬ್ಬೊಬ್ಬರಲ್ಲಿ ಅದರ ಪ್ರತಿಗಳು ಬೇರೆ ಬೇರೆ ಸಂಖ್ಯೆಯಲ್ಲಿರುತ್ತವೆ. 2016ರಲ್ಲಿ ಹಾರ್ವರ್ಡಿನ ಸ್ಟೀವನ್ ಮೆಕ್‌ಕ್ಯಾರೊಲ್ ತಂಡದವರು ತೋರಿಸಿದ್ದು ಇದು: ಸಿ4ರ ಒಂದು ಬಗೆ ಮೆದುಳಿನಲ್ಲಿ ಜಾಸ್ತಿ ತಯಾರಾಗುವವರಿಗೆ ಸ್ಕಿಜೋಫ್ರೇನಿಯಾದ ಅಪಾಯ ಜಾಸ್ತಿ. ಹರೆಯದಲ್ಲಿ ಮೆದುಳು ತನ್ನ ನರಕೋಶಗಳ ನಡುವಿನ ಕೊಂಡಿಗಳನ್ನು ಸವರುತ್ತದೆ, ನಾವು ಗಿಡದ ಬೇಡದ ರೆಂಬೆ ಕಡಿದ ಹಾಗೆ. ಸಿ4 ಆ ಸವರುವ ಕೆಲಸದಲ್ಲೂ ಇದೆ. ಇಲಿಗಳಲ್ಲಿ ಇದನ್ನು ನೋಡಿದ್ದಾರೆ. ಅದು ಜಾಸ್ತಿಯಾದರೆ ಬೇಕಾದ ಕೊಂಡಿಗಳೂ ಹೋಗಬಹುದು ಅನ್ನುವುದು ಅವರ ವಿಚಾರ.

2020ರಲ್ಲಿ ಅದೇ ಗುಂಪಿನವರ ಇನ್ನೊಂದು ಲೇಖನ ಬಂತು. ಯಾವ ಸಿ4 ಬಗೆಗಳು ಸ್ಕಿಜೋಫ್ರೇನಿಯಾದ ಅಪಾಯ ಹೆಚ್ಚಿಸುತ್ತವೋ ಅವೇ ಬಗೆಗಳು ಲೂಪಸ್ ಮತ್ತು ಶೋಗ್ರೆನ್ ಅನ್ನುವ, ರಕ್ಷಣಾ ಪಡೆ ನಮ್ಮ ದೇಹವನ್ನೇ ಹೊಡೆಯುವ ಕಾಯಿಲೆಗಳಿಂದ ಕಾಪಾಡುತ್ತವೆ! ಲೂಪಸ್ ಬರುವ ಹತ್ತರಲ್ಲಿ ಒಂಬತ್ತು ಜನ ಹೆಂಗಸರು ಅನ್ನುವುದು ಗೊತ್ತಿರಬಹುದು. ಎರಡೂ ಕಡೆ ಈ ಜೀನಿನ ಪ್ರಭಾವ ಗಂಡಸರಲ್ಲೇ ಬಲವಾಗಿ ಕಂಡಿತು. 20ರಿಂದ 50 ವರ್ಷದ ಒಳಗೆ ಸಿ4 ಪ್ರೋಟೀನು ಗಂಡಸರ ರಕ್ತದಲ್ಲೂ ಮೆದುಳಿನ ಸುತ್ತಲಿನ ದ್ರವದಲ್ಲೂ ಜಾಸ್ತಿ ಇತ್ತು. ಒಂದೇ ಜೀನ್, ಒಂದು ಕಾಯಿಲೆಯಿಂದ ಉಳಿಸಿ ಇನ್ನೊಂದರ ಕಡೆಗೆ ದೂಡುತ್ತದೆ, ಗಂಡಿನಲ್ಲೊಂದು ತೂಕ ಹೆಣ್ಣಿನಲ್ಲೊಂದು ತೂಕ. ಇದನ್ನು ಓದಿದ ದಿನ ನಾನು ಊಟ ಮರೆತು ಕೂತಿದ್ದೆ.

ಈಸ್ಟ್ರೋಜನ್ ಬಗ್ಗೆ ಅಕ್ಕ ಹೇಳಿದ್ದು ಸರಿ. ಮೆಲ್ಬೋರ್ನಿನ ಡಾ. ಜಯಶ್ರೀ ಕುಲಕರ್ಣಿ ಅವರು ಮಾಮೂಲಿ ಮದ್ದಿನ ಜೊತೆಗೆ ಚರ್ಮಕ್ಕೆ ಈಸ್ಟ್ರೋಜನ್ ಪಟ್ಟಿ ಅಂಟಿಸಿ ಹೆಂಗಸರಲ್ಲಿ ಲಕ್ಷಣಗಳು ಇನ್ನಷ್ಟು ಕಡಿಮೆಯಾದದ್ದನ್ನು ತೋರಿಸಿದ್ದಾರೆ. ಆದರೆ ಸ್ವಂತಕ್ಕೆ ಹಾರ್ಮೋನು ತೆಗೆದುಕೊಳ್ಳುವ ವಿಷಯವೇ ಅಲ್ಲ, ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ಮತ್ತೊಂದು ವಿಷಯ ಪೆರ್ಲದವರಿಗೆ ನೇರವಾಗಿ ಸಂಬಂಧಿಸಿದ್ದು. ಜರ್ಮನಿಯ ಮನ್‌ಹೈಮಿನಲ್ಲಿ ಹೆಫ್ನರ್ ಅವರ ತಂಡ ನೋಡಿದಂತೆ, ಮನೆತನದಲ್ಲಿ ಕಾಯಿಲೆ ಇದ್ದ ಹೆಂಗಸರಲ್ಲಿ ಆ ಮೂರು ನಾಲ್ಕು ವರ್ಷದ ತಡ ಕಾಣಲಿಲ್ಲ, ಅವರಿಗೂ ಗಂಡಸರ ಪ್ರಾಯದಲ್ಲೇ ಶುರುವಾಗಿತ್ತು. ಅಂದರೆ ಜೀನಿನ ಒತ್ತಡ ಜಾಸ್ತಿ ಇದ್ದರೆ ಹಾರ್ಮೋನಿನ ಕಾವಲು ಸಾಲುವುದಿಲ್ಲ. ಕೇಳಲು ಕಷ್ಟದ ಮಾತು. ಆದರೆ ನಿಮ್ಮ ಲೆಕ್ಕಕ್ಕೆ ಇದು ಒಳ್ಳೆಯದೇ, ಯಾಕೆಂದರೆ ನಿಮ್ಮ ಮನೆಯಲ್ಲಿ ಶುರುವಾದ 19, 22 ಎರಡನ್ನೂ ನೀವು ದಾಟಿ ಬಂದಿದ್ದೀರಿ.

---

ಮುಳ್ಳೇರಿಯದ ಅಕ್ಕ ಬರೆದದ್ದು:

ನಾನು 30 ವರ್ಷ ನರ್ಸ್ ಆಗಿದ್ದವಳು, ಈಗ ನಿವೃತ್ತಿ. ಜೀನ್ ವಿಷಯ ತಿಳಿದವರು ಬರೆದಿದ್ದಾರೆ. ನಾನು ಮದುವೆಯ ವಿಷಯ ಬರೆಯುತ್ತೇನೆ. ನಮ್ಮಲ್ಲಿ ಗಂಡು ಹೆಣ್ಣಿನ ವ್ಯತ್ಯಾಸ ಮೆದುಳಿನಲ್ಲಿ ಇರುವುದಕ್ಕಿಂತ ಮನೆಯಲ್ಲಿ ಜಾಸ್ತಿ.

ಹುಡುಗ ಕಾಯಿಲೆ ಬಿದ್ದರೆ ಪಾತ್ರೆ ಎಸೆಯುತ್ತಾನೆ, ಬೀದಿಗೆ ಹೋಗುತ್ತಾನೆ, ಕಾಲೇಜು ಬಿಡುತ್ತಾನೆ. ಎಲ್ಲರಿಗೂ ಗೊತ್ತಾಗುತ್ತದೆ, ಆಸ್ಪತ್ರೆಗೆ ತರುತ್ತಾರೆ. ಹುಡುಗಿ ಕೋಣೆಯಲ್ಲಿ ಸುಮ್ಮನೆ ಕೂತರೆ ನಾಚಿಕೆ ಸ್ವಭಾವ ಅನ್ನುತ್ತಾರೆ. ಅತ್ತರೆ ಪ್ರೀತಿ ವಿಷಯ ಇರಬಹುದು ಅನ್ನುತ್ತಾರೆ. ಹೆಂಗಸರಲ್ಲಿ ಈ ಕಾಯಿಲೆಯ ಜೊತೆ ಬೇಸರ, ಅಳು, ಹೆದರಿಕೆ ಜಾಸ್ತಿ ಇರುತ್ತದೆ, ಡಾಕ್ಟರರೂ ಬರೀ ಖಿನ್ನತೆ ಅಂದುಕೊಳ್ಳುವುದುಂಟು. ಆಮೇಲೆ ಮದುವೆಯಾದರೆ ಸರಿಯಾಗುತ್ತದೆ ಅಂತ ಒಂದು ಗಂಡು ನೋಡುತ್ತಾರೆ. ಮದ್ದಿನ ವಿಷಯ ಮುಚ್ಚಿಡುತ್ತಾರೆ. ಅವಳು ಗಂಡನ ಮನೆಯಲ್ಲಿ ಮಾತ್ರೆಯನ್ನು ಕುಂಕುಮದ ಡಬ್ಬಿಯಲ್ಲಿ ಅಡಗಿಸಿ ಇಡುತ್ತಾಳೆ, ನಾನು ಕಣ್ಣಾರೆ ನೋಡಿದ್ದೇನೆ. ಒಂದು ದಿನ ನಿಲ್ಲಿಸುತ್ತಾಳೆ. ಎರಡು ಮೂರು ತಿಂಗಳಲ್ಲಿ ಕಾಯಿಲೆ ಮತ್ತೆ ಏಳುತ್ತದೆ, ಅವಳನ್ನು ತವರಿಗೆ ತಂದು ಬಿಡುತ್ತಾರೆ. ಮಂಗಳೂರಿನಲ್ಲಿ ಹುಟ್ಟಿದ ಡಾ. ಶಾರದಾ ಮೆನನ್ ಅವರು 1984ರಲ್ಲಿ ಚೆನ್ನೈಯಲ್ಲಿ ಸ್ಕಾರ್ಫ್ ಅಂತ ಈ ಕಾಯಿಲೆಗಾಗಿಯೇ ಒಂದು ಸಂಸ್ಥೆ ಕಟ್ಟಿದರು. ಅಲ್ಲಿಯವರು ಹೀಗೆ ಗಂಡ ಬಿಟ್ಟ ಹೆಂಗಸರ ಬಗ್ಗೆಯೇ ಅಧ್ಯಯನ ಮಾಡಿದ್ದಾರೆ. ಇವರಲ್ಲಿ ಹೆಚ್ಚಿನವರು ವಯಸ್ಸಾದ ಅಪ್ಪ ಅಮ್ಮನ ಜೊತೆ ಇದ್ದರು. ಗಂಡಸರಿಗೆ ಕಾಯಿಲೆ ಬಂದರೆ ಎಷ್ಟೋ ಹೆಂಡತಿಯರು ಜೊತೆಗೇ ಇದ್ದು ನೋಡಿಕೊಳ್ಳುತ್ತಾರೆ. ಇದು ನನ್ನ ಹೊಟ್ಟೆ ಉರಿಸುವ ವಿಷಯ.

ಮದ್ದಿನಲ್ಲೂ ಒಂದು ವ್ಯತ್ಯಾಸ ಇದೆ. ರಿಸ್ಪೆರಿಡೋನ್ ತರಹದ ಕೆಲವು ಮದ್ದಿಗೆ ಪ್ರೊಲ್ಯಾಕ್ಟಿನ್ ಹಾರ್ಮೋನು ಏರಿ ಮುಟ್ಟು ನಿಲ್ಲುತ್ತದೆ, ಎದೆಯಲ್ಲಿ ಹಾಲು ಬರಬಹುದು. ಮದುವೆಯಾಗದ ಹುಡುಗಿಗೆ ಹೀಗಾದರೆ ಮನೆಯವರು ಏನು ಯೋಚಿಸುತ್ತಾರೆ ಹೇಳಿ! ಅವಳು ಬಾಯಿಬಿಡದೆ ಮದ್ದು ಬಿಡುತ್ತಾಳೆ. ಡಾಕ್ಟರಿಗೆ ಹೇಳಿದರೆ ಮದ್ದು ಬದಲಿಸಲು ಆಗುತ್ತದೆ. ಇಲ್ಲಿ ಓದುವವರಲ್ಲಿ ಯಾರಿಗಾದರೂ ಹೀಗೆ ಆಗುತ್ತಿದ್ದರೆ ನಾಚಿಕೆ ಬೇಡ, ಹೇಳಿ.

ಪೆರ್ಲದ ಮಗಳೇ, ನಿನ್ನದು ಬೇರೆ. ನಿನಗೆ ಕಾಯಿಲೆ ಇಲ್ಲ. 1955ರ ಹಿಂದೂ ವಿವಾಹ ಕಾಯಿದೆಯ 5ನೇ ಕಲಂ ಕೇಳುವುದು ಮದುವೆಯಾಗುವ ಇಬ್ಬರ ಮಾನಸಿಕ ಸ್ಥಿತಿಯನ್ನು, ಅಣ್ಣನದ್ದನ್ನಲ್ಲ. ಆದರೂ ನಾನಾದರೆ ಹೇಳುತ್ತೇನೆ. ಹುಡುಗನ ಹತ್ತಿರ, ನೀನೇ, ಎದುರು ಕೂತು. ಅವನಿಗೆ ನಿನ್ನ ಅಣ್ಣ ಇವತ್ತು ತೋಟ ನೋಡಿಕೊಳ್ಳುವುದನ್ನೂ ಹೇಳು. ನಾಳೆ ಮದುವೆಯ ಮನೆಯಲ್ಲಿ ಅಣ್ಣನನ್ನು ಒಳಕೋಣೆಯಲ್ಲಿ ಕೂರಿಸುವ ಗತಿ ಬಂದರೆ ನೀನು ತಡೆದುಕೊಳ್ಳುತ್ತೀಯಾ? ಹೆರಿಗೆಯ ಸಮಯದಲ್ಲೂ ಜೊತೆಗಿರುವವರಿಗೆ ಇದು ಗೊತ್ತಿರಬೇಕು. ಹೆರಿಗೆಯಾದ ಮೊದಲ ವಾರಗಳಲ್ಲಿ ಸಾವಿರದಲ್ಲಿ ಒಬ್ಬಿಬ್ಬರು ಬಾಣಂತಿಯರಿಗೆ ಮನಸ್ಸು ಕೆಡುವುದುಂಟು. ನಿದ್ದೆಯೇ ಇಲ್ಲ, ಮಾತು ದಾರಿ ತಪ್ಪುತ್ತಿದೆ ಅಂತ ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

---

ಪೆರ್ಲದವಳು ಬರೆದದ್ದು:

ಎಲ್ಲರ ಉತ್ತರವನ್ನೂ ಎರಡೆರಡು ಸಲ ಓದಿದೆ. ಬಣ್ಣಗುರುಡಿನ ಉದಾಹರಣೆಯನ್ನು ಅಮ್ಮನಿಗೆ ತುಳುವಿನಲ್ಲಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು "ಹಾಗಾದರೆ ಅಪ್ಪನದ್ದೂ ಇದೆಯಾ" ಅಂತ ಕೇಳಿದರು. ಇಷ್ಟು ವರ್ಷ ಇದನ್ನು ಒಬ್ಬರೇ ಹೊತ್ತಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ.

ಅಣ್ಣನ ಹತ್ತಿರವೂ ಕೇಳಿದೆ, ನಿನ್ನ ವಿಷಯ ಹುಡುಗನಿಗೆ ಹೇಳಲಾ ಅಂತ. ಹೇಳು, ಆದರೆ ನಾನೂ ಜೊತೆಗೆ ಬರುತ್ತೇನೆ ಅಂದ. ಮುಂದಿನ ವಾರ ಹೋಗುವುದು ಅಂತ ಆಗಿದೆ.

ಡಾಕ್ಟ್ರೇ, ಎರಡು ಕೇಳುವುದಿದೆ. ಅಣ್ಣ ಒಲಾನ್ಜಪಿನ್ ತೆಗೆದುಕೊಳ್ಳುತ್ತಾನೆ, ಬೀಡಿ ಸೇದುತ್ತಾನೆ, ಈಗ ನಾನು ಹೇಳಿದ್ದಕ್ಕೆ ಒಂದೇ ಸಲ ಬಿಡುತ್ತೇನೆ ಅಂತ ಹೊರಟಿದ್ದಾನೆ. ತೊಂದರೆ ಇದೆಯಾ? ಇನ್ನು ನಾನು ನನ್ನ ಬಗ್ಗೆ ಯಾವುದರ ಮೇಲೆ ಕಣ್ಣಿಡಬೇಕು?

---

ಬದಿಯಡ್ಕ ಡಾಕ್ಟ್ರು ಬರೆದದ್ದು:

ಬೀಡಿ ಬಿಡುವುದು ತುಂಬಾ ಒಳ್ಳೆಯದು. ಆದರೆ ಮೊದಲು ಅವನ ಡಾಕ್ಟರಿಗೆ ಹೇಳಿ. ಹೊಗೆಯಿಂದ ಒಲಾನ್ಜಪಿನ್ ದೇಹದಲ್ಲಿ ಬೇಗ ಕರಗುತ್ತದೆ, ಬೀಡಿ ನಿಂತರೆ ಅದೇ ಡೋಸಿನಲ್ಲಿ ರಕ್ತದಲ್ಲಿ ಮದ್ದು ಏರುತ್ತದೆ, ಮಂಪರು ಜಾಸ್ತಿಯಾಗಬಹುದು. ಡೋಸ್ ಇಳಿಸಬೇಕಾಗಬಹುದು. ಹೆಂಗಸರಲ್ಲೂ ಈ ಮದ್ದಿನ ಮಟ್ಟ ಗಂಡಸರಿಗಿಂತ ಮೇಲೆ ಇರುತ್ತದೆ, ಅವರಿಗೆ ಕಡಿಮೆ ಡೋಸ್ ಸಾಕಾಗುವುದುಂಟು. ಮತ್ತೆ ಮನೆಯಲ್ಲಿ ಯಾವಾಗಲೂ ಒಂದು ತಿಂಗಳ ಮದ್ದು ಜಾಸ್ತಿ ಇಡಿ. 2020ರ ಮಾರ್ಚಿನಲ್ಲಿ ಕೇರಳ ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಮಾತ್ರೆ ಮುಗಿದು ಕಾಯಿಲೆ ತಿರುಗಿ ಬಂದವರನ್ನು ನೋಡಿದ್ದೇನೆ.

ನಿಮ್ಮ ಬಗ್ಗೆ ದಿನಾ ಪರೀಕ್ಷೆ ಮಾಡಿಕೊಳ್ಳಬೇಡಿ, ಅದೇ ಒಂದು ಕಾಯಿಲೆ ಆಗುತ್ತದೆ. ವಾರಗಟ್ಟಲೆ ನಿದ್ದೆ ಕೆಟ್ಟರೆ, ಎಲ್ಲರ ಮೇಲೂ ಸಂಶಯ ಬಂದರೆ, ಯಾರೂ ಇಲ್ಲದಾಗ ಮಾತು ಕೇಳಿದರೆ, ಅಥವಾ ಹತ್ತಿರದವರು ನೀನು ಮೊದಲಿನ ಹಾಗಿಲ್ಲ ಅಂದರೆ, ಆವಾಗ ಬನ್ನಿ. ಗಾಂಜಾ ನಿಮ್ಮ ಕುಟುಂಬದ ಯಾವ ಮಕ್ಕಳೂ ಮುಟ್ಟಬಾರದು. ಜೀನ್ ಬದಲಿಸಲು ಆಗುವುದಿಲ್ಲ, ಇದು ನಮ್ಮ ಕೈಯಲ್ಲಿದೆ. ರಾತ್ರಿ ಹೊತ್ತು ತೀರಾ ಭಯವಾದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, 24 ಗಂಟೆಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಪುತ್ತೂರಿಗೆ ಹೋಗಿ ಬಂದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ. ಅಣ್ಣನನ್ನು ಕೇಳಿದೆ ಅಂತ ಹೇಳಿ.